ಕಾರ್ಡಿನ ಹಿಂದಿನ ರೇಡ್ ಹಾಳಾಗುತ್ತಿದೆ ಎಂದು ಗೊತ್ತಾಗುವುದು ಹೇಗೆ? (ಪ್ರಶ್ನೋತ್ತರ)

ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಇಡುವುದು. ಹಾರ್ಡ್‌ವೇರ್ ರೇಡ್‌ನಲ್ಲಿ ಆ ಕೆಲಸ ಒಂದು ಕಾರ್ಡಿನದು, ಸಾಫ್ಟ್‌ವೇರ್ ರೇಡ್‌ನಲ್ಲಿ ಲಿನಕ್ಸಿನದೇ.

ಸುರತ್ಕಲ್ ಸದಸ್ಯ: ಲಿನಕ್ಸ್ ಸರ್ವರ್, ಹಾರ್ಡ್‌ವೇರ್ ರೇಡ್. ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್‌ನಲ್ಲಿ ಏನೂ ಕಾಣುವುದಿಲ್ಲ. ಎಲ್ಲ ಸರಿ ಇದೆ ಅಲ್ವಾ?

ಇಂಜಿನಿಯರ್: ಹಾಗಲ್ಲ. ಎಂಡಿಸ್ಟ್ಯಾಟ್ ಸಾಫ್ಟ್‌ವೇರ್ ರೇಡ್‌ಗೆ ಮಾತ್ರ. ಕಾರ್ಡ್ ಲಿನಕ್ಸ್‌ಗೆ ತೋರಿಸುವುದು ಒಂದೇ ದೊಡ್ಡ ಡಿಸ್ಕ್. ಅದರ ಹಿಂದೆ ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುತ್ತಲೇ ಇರುತ್ತದೆ. ಕಾರ್ಡನ್ನೇ ಕೇಳುವ ಕಮಾಂಡ್ ಬೇಕು: ಮೆಗಾರೇಡ್ ಕಾರ್ಡ್‌ಗೆ ಸ್ಟೋರ್‌ಸಿಎಲ್‌ಐ, ಡೆಲ್ ಪರ್ಕ್‌ಗೆ ಪರ್ಕ್‌ಸಿಎಲ್‌ಐ, ಎಚ್‌ಪಿ ಸ್ಮಾರ್ಟ್ ಅರೇಗೆ ಎಸ್‌ಎಸ್‌ಎಸಿಎಲ್‌ಐ. ನಿಗದಿತ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿ, ಸ್ಥಿತಿ ಬದಲಾದರೆ ಮೇಲ್ ಬರಲಿ.

ಉಡುಪಿ ಸದಸ್ಯ: ನಮ್ಮ ಪ್ರೆಸ್ಸಿನಲ್ಲಿ ಮೆಗಾರೇಡ್ ಕಾರ್ಡ್, ರೇಡ್ 5 (ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡು ಹೋದರೆ ಇಲ್ಲ), 4 ಡಿಸ್ಕ್. ಒಂದು ಹೋಗಿ ತಿಂಗಳಾಗಿದೆ, ಇವತ್ತು ಗೊತ್ತಾಯಿತು. ಉಳಿದದ್ದರಲ್ಲಿ ಒಂದಕ್ಕೆ ಮೀಡಿಯಾ ಎರರ್ (ಓದಲಾಗದ ಜಾಗಗಳು) ಏರುತ್ತಿದೆ. ಹೋದ ಡಿಸ್ಕನ್ನು ಹೊರತೆಗೆದು ಮತ್ತೆ ಸಿಕ್ಕಿಸಿ 'ಫೋರ್ಸ್ ಆನ್‌ಲೈನ್' ಕೊಟ್ಟರೆ ಸರಿಯಾಗುತ್ತದೆ ಎಂದು ಒಂದು ಫಾರ್ವರ್ಡ್ ಬಂದಿದೆ.

ಇಂಜಿನಿಯರ್: ಖಂಡಿತ ಕೊಡಬೇಡಿ ಮಾರಾಯ್ರೆ. ಆ ಡಿಸ್ಕಿನಲ್ಲಿರುವುದು ತಿಂಗಳ ಹಿಂದಿನ ಡೇಟಾ. ಬಲವಂತವಾಗಿ ಸೇರಿಸಿದರೆ ಕಾರ್ಡ್ ಅದನ್ನೂ ನಂಬುತ್ತದೆ. ಹಳೆಯದು ಹೊಸದು ಬೆರೆತು ಫೈಲ್ ಸಿಸ್ಟಮ್ ಹರಿದುಹೋಗುತ್ತದೆ. ಅದರ ಮೇಲೆ ಫೈಲ್ ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸಿದರೆ ಉಳಿದದ್ದೂ ಹೋಗುತ್ತದೆ.

ಹೊಸ ಡಿಸ್ಕನ್ನೂ ಈಗಲೇ ಹಾಕಬೇಡಿ. ಹೊಸ ಡಿಸ್ಕ್ ತುಂಬಿಸುವ ರೀಬಿಲ್ಡ್ ಎಂದರೆ ಉಳಿದ 3 ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದುವುದು. ಎರರ್ ಏರುತ್ತಿರುವ ಡಿಸ್ಕ್ ಅರ್ಧದಲ್ಲಿ ಕೈಕೊಟ್ಟರೆ ಅರೇ (ಡಿಸ್ಕ್‌ಗಳ ಗುಂಪು) ಪೂರ್ತಿ ಮುಳುಗುತ್ತದೆ. ಮೊದಲು ಡೇಟಾ ಬೇರೆ ಮೆಷಿನ್‌ಗೆ ಕಾಪಿ ಮಾಡಿ, ಮುಖ್ಯವಾದದ್ದು ಮೊದಲು. ನಾಲ್ಕು ಫೈಲ್ ತೆರೆದು ನೋಡಿ. ಆಮೇಲೆ ಡಿಸ್ಕ್ ಬದಲಿಸುವ ಮಾತು. ಅಲ್ಲಿಯವರೆಗೆ ರೀಸ್ಟಾರ್ಟ್ ಬೇಡ.

ಕಾರ್ಕಳ ಸದಸ್ಯ: ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಓದುತ್ತದಂತೆ.

ಇಂಜಿನಿಯರ್: ನಮ್ಮ ಮಳೆಗಾಲದ ಗಾಳಿಗೆ ಹೊರತೆಗೆದ ಕೂಡಲೇ ನೀರು ಕೂರುತ್ತದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮಣಿಪಾಲ ಸದಸ್ಯ: ಈ ಕಾಲದಲ್ಲಿ ಹಾರ್ಡ್‌ವೇರ್ ರೇಡ್ ಯಾಕೆ? ಕಾರ್ಡಿಲ್ಲದೆ ತಾನೇ ರೇಡ್ ಮಾಡುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಹಾಕಿ.

ಬಿಜೈ ಸದಸ್ಯ: ಪ್ರೆಸ್ಸಿನವರಿಗೆ ಝಡ್‌ಎಫ್‌ಎಸ್ ಯಾರು ನೋಡಿಕೊಳ್ಳುತ್ತಾರೆ? ನೀವು ಬರುತ್ತೀರಾ?

ಮಣಿಪಾಲ: ಕಾರ್ಡ್ ಸುಟ್ಟರೆ ಅದೇ ಜಾತಿಯ ಕಾರ್ಡ್ ಹುಡುಕಬೇಕು. ಅದಕ್ಕೆ ನೀವು ಬರುತ್ತೀರಾ?

ಬಿಜೈ: ಲ್ಯಾಬಿನಲ್ಲಿ ಕೂತು ಹೇಳುವುದು ಸುಲಭ.

ಕುಂದಾಪುರ ಸದಸ್ಯ: ನಮ್ಮದು ಲಿನಕ್ಸ್ ಅಲ್ಲ, ಓಪನ್‌ಬಿಎಸ್‌ಡಿ. ರೇಡ್ ಸ್ಥಿತಿ ನೋಡಲು ಅದರ ಬಯೋಸಿಟಿಎಲ್ ಕಮಾಂಡ್ ಸಾಕಾ?

ಹಂಪನಕಟ್ಟೆ ಸದಸ್ಯ: ಬಿಲ್ಲಿಂಗ್ ದಿಢೀರ್ ನಿಧಾನ. ಡಿಸ್ಕ್ ಎಲ್ಲ ಸರಿ.

ಇಂಜಿನಿಯರ್: ಕಾರ್ಡಿನ ಬ್ಯಾಟರಿ ನೋಡಿ. ಅದು ಹೋದರೆ ಕಾರ್ಡ್ ರೈಟ್-ಥ್ರೂಗೆ ಇಳಿಯುತ್ತದೆ, ಅಂದರೆ ಪ್ರತಿಯೊಂದನ್ನೂ ಡಿಸ್ಕಿಗೆ ಬರೆದ ಮೇಲೆಯೇ ಮುಂದೆ ಹೋಗುತ್ತದೆ. ವೇಗಕ್ಕಾಗಿ ರೈಟ್-ಬ್ಯಾಕ್ (ಮೊದಲು ಕಾರ್ಡಿನ ಮೆಮೊರಿಯಾದ ಕ್ಯಾಶ್‌ಗೆ, ಆಮೇಲೆ ಡಿಸ್ಕಿಗೆ) ಬಲವಂತ ಮಾಡಬೇಡಿ. ಸಿಡಿಲಿಗೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದ ಬಿಲ್‌ಗಳೂ ಹೋಗುತ್ತವೆ.

ಪುತ್ತೂರು ಸದಸ್ಯ: ಎಂಡಿಸ್ಟ್ಯಾಟ್ ಖಾಲಿ ಇದೆ, ತೊಂದರೆ ಇಲ್ಲ ಅಲ್ವಾ?

ಇಂಜಿನಿಯರ್: ಮೇಲೆ ಓದಿ.

ಪುತ್ತೂರು: ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ ಕೂಡ ಏನೂ ಹೇಳುವುದಿಲ್ಲ.

ಇಂಜಿನಿಯರ್: ಕಾರ್ಡ್ ಮೆಗಾರೇಡ್ ಆಗಿದ್ದರೆ ಆ ಹೆಸರನ್ನೂ ಡಿಸ್ಕಿನ ಐಡಿಯನ್ನೂ ಕಮಾಂಡಿಗೆ ಕೊಡಬೇಕು. ಸುಮ್ನೆ ಓಡಿಸಿದರೆ ಹೇಗೆ ಹೇಳುತ್ತದೆ?

ಮಣಿಪಾಲ: ಝಡ್‌ಎಫ್‌ಎಸ್ ಆಗಿದ್ದರೆ ಈ ಗೋಳೇ ಇಲ್ಲ.

ಇಂಜಿನಿಯರ್: ಅದಕ್ಕೆ ಬೇರೆ ಪೋಸ್ಟ್ ಹಾಕಿ. ಇಲ್ಲಿ ಒಬ್ಬರ ಡೇಟಾ ಹೋಗುತ್ತಿದೆ. ಉಡುಪಿಯವರೇ, ಕಾಪಿ ಎಲ್ಲಿಗೆ ಬಂತು?

ಉಡುಪಿ: ಅಕೌಂಟ್ಸ್ ಬಂತು. ಹಳೆ ಪುಟಗಳ ಒಂದು ಫೋಲ್ಡರ್‌ನಲ್ಲಿ ರೀಡ್ ಎರರ್.

ಇಂಜಿನಿಯರ್: ಹೆಸರು ಬರೆದಿಟ್ಟು ಮುಂದೆ ಹೋಗಿ. ಮತ್ತೆ ಮತ್ತೆ ಓದಿಸಬೇಡಿ, ಡಿಸ್ಕ್ ಇನ್ನೂ ಸೋಲುತ್ತದೆ. ಉಳಿದದ್ದೆಲ್ಲ ಬಂದ ಮೇಲೆ ಅದಕ್ಕೆ ಬನ್ನಿ.

ಕುಂದಾಪುರ: ಬಯೋಸಿಟಿಎಲ್ ಬಗ್ಗೆ ಯಾರಾದರೂ?