ಮಾಂತ್ರಿಕನೋ, ಗಾರುಡಿಗನೋ, ಮಾಯಾವಿಯೋ: ಹಳೆಯ ಜಾದೂಗಾರರನ್ನು ಏನೆಂದು ಕರೆಯೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ಶಿರಸಿಯಿಂದ ನಮಸ್ಕಾರ.

ಇಲ್ಲಿಯ ಶಾಲಾ ಮಕ್ಕಳು ಓದಲೆಂದು ಹಳೆಯ ಕಾಲದ ಕೆಲವು ಜಾದೂಗಾರರ ಬದುಕನ್ನು ಚಿಕ್ಕ ಬರಹಗಳಾಗಿ ಬರೆಯುತ್ತಿದ್ದೇನೆ. ಸಂಗತಿ ಬೇಕಾದಷ್ಟಿದೆ, ತೊಡಕಿರುವುದು ಹೆಸರುಗಳಲ್ಲಿ. ಜಾದೂಗಾರ, ಯಕ್ಷಿಣಿಗಾರ, ಗಾರುಡಿಗ, ಐಂದ್ರಜಾಲಿಕ, ಮಾಂತ್ರಿಕ, ಮೋಡಿ ಹಾಕುವವ, ಕಣ್ಕಟ್ಟಿನವ ಎಂದು ಕನ್ನಡದಲ್ಲಿ ಪದಗಳ ರಾಶಿಯೇ ಇದೆ. ಆದರೆ ಒಂದೊಂದರ ಬೆನ್ನಿಗೂ ಒಂದೊಂದು ಕಸುಬು, ಒಂದೊಂದು ನಂಬಿಕೆ ಅಂಟಿಕೊಂಡಿದೆ. ಎಲ್ಲವನ್ನೂ ಎಲ್ಲರಿಗೂ ಹಚ್ಚಿಬಿಟ್ಟರೆ ಆ ಕಲಾವಿದರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಎಣಿಕೆ.

ಎಲ್ಲಕ್ಕಿಂತ ಹೆಚ್ಚು ತಕರಾರು ನನಗೆ 'ಮಾಂತ್ರಿಕ'ದ ಬಗ್ಗೆ. ಬೇಡಿ ಬಿಚ್ಚಿಕೊಳ್ಳುವ ಆಟಕ್ಕೆ ಹೆಸರಾದ ಜಾದೂಗಾರ ಹ್ಯಾರಿ ಹೂಡಿನಿಯನ್ನು 'ಮಹಾ ಮಾಂತ್ರಿಕ' ಎಂದು ಬರೆಯುವುದುಂಟು. ನಮ್ಮ ಕಡೆ ಮಾಂತ್ರಿಕ ಎಂದರೆ ತಾಯತ ಕಟ್ಟುವವ, ಮಾಟ ತೆಗೆಯುವವ. 1874ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಹೂಡಿನಿ ತನ್ನ ಕೊನೆಯ ವರ್ಷಗಳನ್ನು ಕಳೆದದ್ದೇ ಅಂಥವರ ವಿರುದ್ಧ. ಸತ್ತವರ ಆತ್ಮದೊಡನೆ ಮಾತಾಡಿಸುತ್ತೇವೆಂದು ದುಡ್ಡು ಕೀಳುತ್ತಿದ್ದವರ ಕೈಚಳಕವನ್ನು ಅವನು ಎಲ್ಲರೆದುರು ಬಯಲು ಮಾಡುತ್ತಿದ್ದ. ಅವನು ಹೆಸರನ್ನು ಎರವಲು ಪಡೆದದ್ದು ಫ್ರಾನ್ಸಿನ ಜಾದೂಗಾರ ರಾಬರ್ಟ್-ಹೂಡಿನ್‌ನಿಂದ (1805–1871). ಆತ ಕಸುಬಿನಿಂದ ಗಡಿಯಾರದವ. 1845ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಚಿಕ್ಕ ರಂಗಮಂದಿರ ತೆರೆದ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿಯ ಸಾಧುಗಳ ಪವಾಡಗಳಿಗೆ ಜನ ಮಾರುಹೋಗಿ ದಂಗೆಯೇಳಬಹುದೆಂಬುದು ಸರ್ಕಾರದ ಭಯ. ಮಗು ಎತ್ತಬಲ್ಲ ಸಣ್ಣ ಪೆಟ್ಟಿಗೆಯನ್ನು ಕಟ್ಟುಮಸ್ತಾದ ಗಂಡಸೊಬ್ಬ ಅಲುಗಿಸಲಾರದಂತೆ ಅವನು ಮಾಡಿ ತೋರಿಸಿದ. ಕೆಳಗಡೆ ವಿದ್ಯುತ್ಕಾಂತವಿತ್ತು. ಆಮೇಲೆ, ಇದೆಲ್ಲ ಬರೀ ಕೌಶಲ ಎಂದು ದುಭಾಷಿಗಳ ಬಾಯಿಂದ ಹೇಳಿಸಿದ್ದಾಗಿ ಅವನೇ ಬರೆದುಕೊಂಡಿದ್ದಾನೆ. ವಸಾಹತು ಆಳ್ವಿಕೆಗೆ ಕಲೆಯನ್ನು ದುಡಿಸಿಕೊಂಡ ಆ ಸಂಗತಿ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಮಂತ್ರವಿಲ್ಲ ಎಂದು ಸಾರಿದ ಇಬ್ಬರನ್ನೂ ನಾವು ಮಾಂತ್ರಿಕರೆನ್ನುವುದು ಮಾತ್ರ ತಪ್ಪು.

'ಗಾರುಡಿಗ' ನನಗೆ ಪ್ರೀತಿಯ ಪದ. ಗರುಡನಿಂದ ಬಂದದ್ದು. ಮೊದಲು ಹಾವಿನ ವಿಷ ಇಳಿಸುವವನಿಗೆ, ಹಾವಾಡಿಸುವವನಿಗೆ ಇದ್ದ ಹೆಸರು ಆಮೇಲೆ ಬೀದಿಯ ಕೈಚಳಕದವನಿಗೂ ಹತ್ತಿತು. ಮರಾಠಿಯ 'ಗಾರುಡಿ'ಯಲ್ಲಿ ಹಾವು ಇನ್ನೂ ಬಿಟ್ಟುಹೋಗಿಲ್ಲ. ಹಾಗಾಗಿ ಕಾರವಾರದ ಕಡೆಯ ಓದುಗರಿಗೆ ಗಾರುಡಿ ಎಂದರೆ ಬುಟ್ಟಿ, ಪುಂಗಿ ಕಣ್ಣಿಗೆ ಬರುತ್ತದೆಯೇ, ಇಲ್ಲಾ ಇಸ್ಪೀಟು, ಟೊಪ್ಪಿಗೆಯೇ? ಆ ಭಾಗದವರು ದಯವಿಟ್ಟು ತಿಳಿಸಿ. ಬೀದಿಯಲ್ಲಿ ಜನರ ನಡುವೆ ಕುಳಿತು ಆಡುವವನಿಗೆ ಗಾರುಡಿಗ ಎಂದೂ, ಪರದೆ, ದೀಪ, ಟಿಕೆಟ್ಟು ಇರುವ ರಂಗದ ಮೇಲಿನವನಿಗೆ ಜಾದೂಗಾರ ಎಂದೂ ಬೇರೆ ಮಾಡಿಕೊಳ್ಳಬಹುದೆಂದು ನನಗನ್ನಿಸುತ್ತದೆ.

'ಇಂದ್ರಜಾಲ'ಕ್ಕೆ ಪಿ. ಸಿ. ಸರ್ಕಾರ್ ಅವರಿಂದಾಗಿ ಹೊಸ ಹೊಳಪು ಬಂತು. ಇಂದಿನ ಬಾಂಗ್ಲಾದೇಶದ ತಾಂಗೈಲ್‌ನಲ್ಲಿ 1913ರಲ್ಲಿ ಹುಟ್ಟಿದ ಅವರು ತಮ್ಮ ಪ್ರದರ್ಶನಕ್ಕೆ ಆ ಹೆಸರನ್ನೇ ಇಟ್ಟು ದೇಶ ದೇಶ ಸುತ್ತಿದರು. 1956ರ ಏಪ್ರಿಲ್‌ನಲ್ಲಿ ಬಿಬಿಸಿ ದೂರದರ್ಶನದಲ್ಲಿ ಹುಡುಗಿಯೊಬ್ಬಳನ್ನು ವಿದ್ಯುತ್ ಗರಗಸದಿಂದ ಕೊಯ್ದು ತೋರಿಸಿದರು. ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಹೊತ್ತು ಮುಗಿಯಿತು. ಕೊಲೆಯೇ ಆಯಿತೆಂದು ಹೆದರಿದ ಜನ ಬಿಬಿಸಿಗೆ ಒಂದೇ ಸವನೆ ಫೋನು ಮಾಡಿದರು. 1971ರ ಜನವರಿಯಲ್ಲಿ ಜಪಾನ್ ಪ್ರವಾಸದಲ್ಲೇ ಅವರು ತೀರಿಕೊಂಡರು. ಅವರ ವಿಷಯದಲ್ಲಿ 'ಐಂದ್ರಜಾಲಿಕ' ಎಂದು ಬರೆಯಲು ನನಗೆ ಅಳುಕಿಲ್ಲ. ಆದರೆ ಐದನೇ ಇಯತ್ತೆಯ ಮಗು ಅದನ್ನು ಓದೀತೇ?

ಇನ್ನು 'ಮಾಯಾವಿ'. ಯಕ್ಷಗಾನ ನೋಡಿ ಬೆಳೆದ ನಮಗೆ ಮಾಯಾವಿ ಎಂದ ಕೂಡಲೇ ರಾಕ್ಷಸ ನೆನಪಾಗುತ್ತಾನೆ. ಆದರೆ ಶಂಕರಾಚಾರ್ಯರು ಮಾಂಡೂಕ್ಯ ಕಾರಿಕೆಯ (ಮಾಂಡೂಕ್ಯ ಉಪನಿಷತ್ತನ್ನು ವಿವರಿಸುವ ಪದ್ಯಗಳ) ಭಾಷ್ಯದಲ್ಲಿ ಇದೇ ಪದವನ್ನು ಆಟ ತೋರಿಸುವವನಿಗೇ ಬಳಸಿದ್ದಾರೆ. ಅವನು ಆಕಾಶಕ್ಕೆ ದಾರವೆಸೆಯುತ್ತಾನೆ, ಆಯುಧ ಹಿಡಿದು ಅದನ್ನೇರಿ ಕಣ್ಮರೆಯಾಗುತ್ತಾನೆ, ತುಂಡು ತುಂಡಾಗಿ ಕೆಳಗೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ನಿಜವಾದ ಮಾಯಾವಿ ಆ ದಾರವೂ ಅಲ್ಲ, ಅದನ್ನೇರಿದವನೂ ಅಲ್ಲ. ಅವನು ಯಾರ ಕಣ್ಣಿಗೂ ಬೀಳದೆ ನೆಲದ ಮೇಲೇ ನಿಂತಿದ್ದಾನೆ. ರಂಗದ ಜಾದೂವಿನ ಗುಟ್ಟನ್ನು ಇಷ್ಟು ಖಚಿತವಾಗಿ ಹೇಳಿದ ಮಾತು ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಮುಂದೆ 1890ರಲ್ಲಿ ಶಿಕಾಗೋದ ಪತ್ರಿಕೆಯೊಂದು ಭಾರತದ ಹಗ್ಗದ ಜಾದೂವನ್ನು ಕಣ್ಣಾರೆ ಕಂಡಂತೆ ಕಥೆ ಕಟ್ಟಿ ಅಚ್ಚು ಹಾಕಿತು, ಕೆಲವು ತಿಂಗಳ ಬಳಿಕ ಅದು ಕಟ್ಟುಕಥೆಯೆಂದು ಒಪ್ಪಿಕೊಂಡಿತು. ಒಪ್ಪಿಗೆಯನ್ನು ಓದಿದವರು ಕಡಿಮೆ, ಕಥೆ ಮಾತ್ರ ಲೋಕವೆಲ್ಲ ಹಬ್ಬಿತು. ಮಾಯಾವಿಯನ್ನು ರಾಕ್ಷಸರ ಕೈಯಿಂದ ಬಿಡಿಸಿ ಮತ್ತೆ ಕಲಾವಿದನಿಗೆ ಕೊಡಲು ಸಾಧ್ಯವೇ? ಹಳಗನ್ನಡದಲ್ಲಿ ಈ ಅರ್ಥದ ಬಳಕೆ ಕಂಡವರು ತೋರಿಸಿಕೊಟ್ಟರೆ ದೊಡ್ಡ ಉಪಕಾರ.

ಯಕ್ಷಗಾನದ ಮಾತು ಬಂದದ್ದರಿಂದ ಇನ್ನೊಂದು ಪದ. ವಿಲಿಯಂ ರಾಬಿನ್ಸನ್ ಎಂಬ ಅಮೆರಿಕದವ ಚೀನೀಯನ ವೇಷ ಕಟ್ಟಿ 'ಚುಂಗ್ ಲಿಂಗ್ ಸೂ' ಆಗಿ ಹೆಸರಾದ. ರಂಗದ ಮೇಲೆ ಇಂಗ್ಲಿಷ್ ಆಡುತ್ತಿರಲಿಲ್ಲ, ಪತ್ರಕರ್ತರ ಬಳಿಯೂ ದುಭಾಷಿಯ ಮೂಲಕವೇ ಮಾತು. 1918ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಬಂದೂಕಿನ ಗುಂಡು ಹಿಡಿಯುವ ಆಟ ಕೈಕೊಟ್ಟು, ನಿಜವಾದ ಗುಂಡೇ ಎದೆಗೆ ಹೊಕ್ಕಿತು. ಪರದೆ ಇಳಿಸಿ ಎಂದು ಅವನು ಕೂಗಿದ್ದು ಇಂಗ್ಲಿಷಿನಲ್ಲಿ. ಮರುದಿನ ತೀರಿಕೊಂಡ. ಇವನನ್ನು 'ವೇಷಧಾರಿ' ಎನ್ನಲೇ? ಮೇಳದ ಮಾತಿನಲ್ಲಿ ಅದು ಗೌರವದ ಹೆಸರು, ಘಟ್ಟದಾಚೆ ಅದೇ ಮೋಸಗಾರನಿಗೆ ಬೈಗುಳ. ನನ್ನ ಒಲವು ಮೇಳದ ಅರ್ಥದ ಕಡೆಗೇ.

ಹೆಣ್ಣುಮಕ್ಕಳ ವಿಷಯದಲ್ಲಿ ಕಷ್ಟ ಹೆಚ್ಚು. ಜಾದೂಗಾರನಾಗಿದ್ದ ಗಂಡ 1896ರಲ್ಲಿ ಸತ್ತ ಮೇಲೆ ಅಡಿಲೇಡ್ ಹರ್ಮನ್ ದಶಕಗಳ ಕಾಲ ತಾನೇ ಪ್ರದರ್ಶನ ನಡೆಸಿದಳು, ಗುಂಡು ಹಿಡಿಯುವ ಆಟವನ್ನೂ ಆಡಿದಳು. ಹಾಡುಗಾರ್ತಿಯ ಹಾಗೆ 'ಜಾದೂಗಾರ್ತಿ' ಸರಿಯೆನಿಸುತ್ತದೆ. 'ಜಾದೂಗಾತಿ' ಎಂದರೆ ಪಕ್ಕದಲ್ಲೇ ಮಾಟಗಾತಿ ಬಂದು ನಿಲ್ಲುತ್ತಾಳೆ, ಅದು ಬೇಡ.

ಹೂಡಿನಿಯ ಬೇಡಿ ಬಿಚ್ಚುವ ವಿದ್ಯೆಗೆ 'ತಪ್ಪಿಸಿಕೊಳ್ಳುವ ಕಲೆ' ಎಂದು ಕೆಲವರು ಬರೆಯುತ್ತಾರೆ. ತಪ್ಪಿಸಿಕೊಳ್ಳುವವನು ಕಳ್ಳ, ಸಾಲಗಾರ. ಇವನು ಎಲ್ಲರ ಕಣ್ಣೆದುರು ಕಟ್ಟಿಸಿಕೊಂಡು ಬಿಡಿಸಿಕೊಂಡವನು. ಹಗ್ಗ, ಬೇಡಿ, ಬೀಗ ಎಲ್ಲಕ್ಕೂ ಹೊಂದುವಂತೆ 'ಕಟ್ಟು ಕಳಚುವ ವಿದ್ಯೆ' ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಒಪ್ಪುತ್ತದೆಯೇ?

ಕೊನೆಯದಾಗಿ, ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಹಿಂದೆ ಟೆಂಟು ಹಾಕಿ ಜಾದೂ ತೋರಿಸುತ್ತಿದ್ದವರನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು, ಕೇಳಿ ಬರೆಯಿರಿ. ಅಂಕೋಲಾ, ಕುಮಟಾ, ಹೊನ್ನಾವರದವರೂ ತಮ್ಮ ಹಬ್ಬ, ತೇರುಗಳಲ್ಲಿ ಬಳಕೆಯಿದ್ದ ಪದ ತಿಳಿಸಬೇಕು. ಹವ್ಯಕ, ನಾಡವ, ಹಾಲಕ್ಕಿ, ಕೊಂಕಣಿ ಯಾವ ಮನೆಮಾತಿನ ಪದವಾದರೂ ಸರಿ. ಊರಿನ ಹೆಸರು, ಆ ಪದ ಕೂತಿರುವ ಒಂದು ಪೂರ್ತಿ ವಾಕ್ಯ ಜೊತೆಗಿರಲಿ.