ಸಹಾಯ ಬೇಕು: ಶಿಕ್ಷೆ ಎಷ್ಟು ಅಂತ ನ್ಯಾಯಾಧೀಶರು ಹೇಗೆ ತೀರ್ಮಾನಿಸುತ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. 2022ರಲ್ಲಿ ಹೊಲದ ಬದುವಿನ ಜಗಳಕ್ಕೆ ಪಕ್ಕದ ಹೊಲದವರು ನನ್ನ ತಮ್ಮನಿಗೆ ಕುಡಗೋಲಿನಿಂದ ಹೊಡೆದರು. ಬಲಗೈ ಎಲುಬು ಮುರಿಯಿತು. ಇವತ್ತಿಗೂ ಅವನಿಗೆ ಸಲಿಕೆ ಹಿಡಿಯಲು ಆಗುವುದಿಲ್ಲ. ಮೊನ್ನೆ ಆರೋಪಿ ತಪ್ಪಿತಸ್ಥ ಅಂತ ತೀರ್ಪು ಬಂತು. ಶಿಕ್ಷೆ ಪ್ರಮಾಣದ ವಾದ ಸೋಮವಾರ ಇದೆ.

ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದು. ಹಾಗಾಗಿ ಹೊಸ ನ್ಯಾಯ ಸಂಹಿತೆ ಅಲ್ಲ, ಹಳೇ ಐಪಿಸಿಯ 326ನೇ ಕಲಂ (ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕೆ) ಹಾಕಿದ್ದಾರೆ. ಅದರಲ್ಲಿ ಹತ್ತು ವರ್ಷದವರೆಗೆ ಜೈಲು ಅಥವಾ ಜೀವಾವಧಿ, ಜೊತೆಗೆ ದಂಡ. ಆದರೆ ಕನಿಷ್ಠ ಇಷ್ಟು ಅಂತ ಇಲ್ಲ. ಅದೇ ನಮಗೆ ಭಯ.

ಆಯುಧ, ಗಾಯ, ಮೊದಲೇ ಯೋಜಿಸಿದ್ದಾ, ಹಳೇ ಕೇಸ್ ಇದೆಯಾ, ವಯಸ್ಸು, ಮನೆ ಪರಿಸ್ಥಿತಿ ಎಲ್ಲ ನೋಡುತ್ತಾರಂತೆ. ಆರೋಪಿಗೆ ಸಣ್ಣ ಮಕ್ಕಳಿದ್ದಾರೆ, ಅದು ನಮಗೂ ಗೊತ್ತು. ಅವನ ತಾಯಿ ನಮ್ಮ ಬಾಗಿಲಿಗೆ ಬಂದು ಅತ್ತು ಹೋದರು. ಆದರೆ ನನ್ನ ತಮ್ಮನ ಕೈಯೂ ಲೆಕ್ಕಕ್ಕೆ ಬರಬೇಕಲ್ವಾ?

ವಕೀಲರು, ಅನುಭವ ಇದ್ದವರು ದಯವಿಟ್ಟು ಹೇಳಿ. ಆಸ್ಪತ್ರೆ ಬಿಲ್ಲು, ಅಂಗವೈಕಲ್ಯದ ಸರ್ಟಿಫಿಕೇಟ್ ಸರ್ಕಾರಿ ವಕೀಲರ ಕೈಗೆ ಈಗ ಕೊಟ್ಟರೆ ನಡೆಯುತ್ತದಾ? ದಂಡದ ಹಣವನ್ನು ಗಾಯಾಳುವಿಗೆ ಪರಿಹಾರವಾಗಿ ಕೊಡಿಸುವ ಅವಕಾಶ ಇದೆ. ಅದನ್ನು ನಾವೇ ಕೇಳಬೇಕಾ? ಶಿಕ್ಷೆ ಕಡಿಮೆ ಆಯಿತು ಅಂತ ಮೇಲ್ಮನವಿ ಹಾಕುವುದು ಸರ್ಕಾರದ ಕೈಯಲ್ಲಿದೆ, ಪರಿಹಾರ ಸಾಲದಿದ್ದರೆ ಮಾತ್ರ ನಾವು ಹೋಗಬಹುದು ಅಂತ ತಿಳಿದೆ. ಅದಕ್ಕೇ ಸೋಮವಾರದ ಒಳಗೆ ಏನೇನು ತಯಾರಿ ಮಾಡಬೇಕು, ತಿಳಿಸಿ ಅಣ್ಣಾ, ಅಕ್ಕಾ.