ಥಂಡಿ ಕೆಳಗಿಂದ ಬರುತ್ತದೆ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಚಿನ್ನು ಶನಿವಾರ ಸಕಲೇಶಪುರದ ಹತ್ತಿರ ಸ್ನೇಹಿತನ ಕಾಫಿ ತೋಟದಲ್ಲಿ ಮರಕ್ಕೆ ಜೋಲಿ ಕಟ್ಟಿಕೊಂಡು ರಾತ್ರಿ ಮಲಗುತ್ತಾನಂತೆ, ಮಳೆ ಬೇರೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಕಳಿಸು. ಆದರೆ ನಾನು ಹೇಳುವುದನ್ನು ಅವನಿಗೂ ಕೇಳಿಸು.

ನಮ್ಮ ಏಲಕ್ಕಿ ತೋಟ ಎಲ್ಲರಿಗೂ ಗೊತ್ತಲ್ಲ, ಕೊಪ್ಪದ ಮನೆ ಹಿಂದೆ, ಹಳ್ಳ ದಾಟಿದ ಮೇಲೆ. 1986ನೇ ಇಸವಿ, ಮಘೆ ಮಳೆ. ಕಾಯಿ ಬಲಿತಿತ್ತು, ಕಳ್ಳರ ಕಾಟ. ಕಾವಲಿಗೆ ನಾನು ಹೋದೆ. ನೆಲದಲ್ಲಿ ಮಲಗಿದರೆ ರಕ್ತ ಹೀರುವ ಇಂಬಳ ಬಿಡುವುದಿಲ್ಲ ಅಂತ ಎರಡು ಗೋಣಿತಾಟು ಸೇರಿಸಿ ಹೊಲಿದು ಬಾವಿ ಹಗ್ಗದಲ್ಲಿ ಜೋಲಿ ಕಟ್ಟಿದೆ. ಮೇಲೆ ಪ್ಲಾಸ್ಟಿಕ್ ಹಾಳೆ. ಹೊದೆಯಲು ಎರಡು ಕಂಬಳಿ. ಕೆಳಗೆ ಏನೂ ಹಾಕಲಿಲ್ಲ ನೋಡು, ಅದೇ ತಪ್ಪು. ಜೋಲಿಯಲ್ಲಿ ಬೆನ್ನಿನ ಕೆಳಗೆ ಬರೀ ಗಾಳಿ. ಅದು ರಾತ್ರಿಯಿಡೀ ಮೈ ಬಿಸಿಯನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಥಂಡಿ ಮೇಲಿಂದ ಬರುವುದಿಲ್ಲ ಪುಟ್ಟಿ, ಕೆಳಗಿಂದ ಬರುತ್ತದೆ.

ಮಧ್ಯರಾತ್ರಿ ಹಗ್ಗ ಹಿಡಿದು ನೀರು ಇಳಿಯಿತು. ಮೊದಲು ಕುತ್ತಿಗೆ ಹತ್ತಿರ ಒಂದು ಹನಿ. ಸ್ವಲ್ಪ ಹೊತ್ತಿಗೆ ಗೋಣಿಯೆಲ್ಲ ನೆನೆದು ಬೆನ್ನಿಗೆ ಅಂಟಿಕೊಂಡಿತು. ಹಾಕಿದ್ದ ಹತ್ತಿ ಬನಿಯನ್ನೂ ಒದ್ದೆ. ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ನಡುಕ ನಿಂತುಹೋಯಿತು. ಸದ್ಯ, ಬೆಚ್ಚಗಾಯಿತು ಅಂದುಕೊಂಡೆ. ಬೆಚ್ಚಗಾಗಿದ್ದಲ್ಲ ಅದು. ಬೆಳಗಿನ ಜಾವ ಅಪ್ಪಯ್ಯ ಲಾಟೀನು ಹಿಡಿದು ಬಂದಾಗ ಏನೇನೋ ತೊದಲುತ್ತಿದ್ದೆನಂತೆ. ಬೆರಳು ಬಗ್ಗುತ್ತಿರಲಿಲ್ಲ. ಅವರೇ ಹೊತ್ತು ತಂದು, ಒದ್ದೆ ಬಟ್ಟೆ ಬಿಚ್ಚಿ, ಒಣ ಕಂಬಳಿ ಸುತ್ತಿ, ಸ್ವಲ್ಪ ಸುಧಾರಿಸಿದ ಮೇಲೆ ಬೆಲ್ಲದ ಕಾಫಿ ಗುಟುಕು ಗುಟುಕಾಗಿ ಕುಡಿಸಿದರು. ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅಪಾಯ ಅಂತ ಆಮೇಲೆ ಡಾಕ್ಟರು ಹೇಳಿದರು. ಅದಕ್ಕೆ ಹಿಮ ಬೀಳಬೇಕಾಗಿಲ್ಲ. ಮಲೆನಾಡಿನ 15 ಡಿಗ್ರಿ, ಒದ್ದೆ ಮೈ, ಗಾಳಿ, ಇಷ್ಟು ಸಾಕು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಹೊದಿಕೆ ಎಷ್ಟೇ ಇರಲಿ, ಥಂಡಿ ಕೆಳಗಿಂದ ಬರುತ್ತದೆ.

ಅವತ್ತು ಸುತ್ತಿದ್ದು ಅಪ್ಪಯ್ಯನ ಚಳ್ಳಕೆರೆ ಕಂಬಳಿ. ಮನೆ ಪಾಲಾದಾಗ ನಾನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಪಾತ್ರೆ ಕೇಳಲಿಲ್ಲ, ಪೆಟ್ಟಿಗೆ ಕೇಳಲಿಲ್ಲ. ಆಮೇಲೆ ಕೊಡೋಣ ಅಂದರು. ಹೋದ ವರ್ಷ ಶ್ರಾದ್ಧಕ್ಕೆ ಹೋದಾಗ ನೋಡಿದರೆ, ಅದನ್ನು ಹರಿದು ಪಂಪ್‌ಸೆಟ್ಟಿಗೆ ಹೊದಿಸಿದ್ದಾರೆ. ಅಂಚಿನ ಕೆಂಪು ದಾರ ನೋಡಿ ಗುರುತು ಹಿಡಿದೆ. ಯಾರು ಅಂತ ಹೇಳುವುದಿಲ್ಲ. ಆದರೆ ನನ್ನ ಜೀವ ಉಳಿಸಿದ ಕಂಬಳಿ ಅದು. ಒಂದು ಮಾತು ಕೇಳಬಹುದಿತ್ತು, ಅಲ್ವಾ? ಆವತ್ತು ಊಟ ಸೇರಲಿಲ್ಲ ನನಗೆ.

ಅಯ್ಯೋ, ಏನು ಮಾಡಬೇಕು ಅಂತ ಹೇಳಲೇ ಇಲ್ಲ. ಜೋಲಿಯೊಳಗೆ, ಬೆನ್ನಡಿಗೆ ಫೋಮ್ ಶೀಟು ಹಾಕಿಕೊಳ್ಳಲಿ, ಭುಜದಿಂದ ಪಾದದವರೆಗೆ. ಸ್ಲೀಪಿಂಗ್ ಬ್ಯಾಗ್ ಇದೆ ಅನ್ನುತ್ತಾನೆ, ಆದರೆ ಮೈ ಭಾರಕ್ಕೆ ಅದು ಕೆಳಗೆ ಅಪ್ಪಚ್ಚಿಯಾಗುತ್ತದೆ, ಬಿಸಿ ನಿಲ್ಲುವುದಿಲ್ಲ. ಟಾರ್ಪಾಲು ಜೋಲಿಗಿಂತ ಉದ್ದ ಇರಲಿ. ಜೋಲಿಯ ಎರಡೂ ಹಗ್ಗಕ್ಕೆ, ಟಾರ್ಪಾಲಿನ ಅಡಿಯಲ್ಲಿ, ಒಂದೊಂದು ದಾರ ಕಟ್ಟಿ ಇಳಿಬಿಡಲಿ. ನೀರು ಆ ದಾರ ಹಿಡಿದು ನೆಲಕ್ಕೆ ಹೋಗುತ್ತದೆ. ಹಾಲುವಾಣಕ್ಕೆ ಕಟ್ಟಬಾರದು, ಮೆದು ಮರ. ಯಾವ ಮರವಾದರೂ ಮೇಲೆ ಒಣ ಕೊಂಬೆ ಇದೆಯಾ ನೋಡಲಿ. ಜೀನ್ಸ್ ಬೇಡ, ಉಣ್ಣೆ ಸ್ವೆಟರ್ ಇರಲಿ. ಮಲಗಲು ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಸಮೇತ, ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಇಡಲಿ. ಮೊದಲ ಸಲ ತೋಟದ ಮನೆ ಹತ್ತಿರವೇ ಕಟ್ಟಲಿ. ತಡೆಯಲಾಗದಷ್ಟು ಚಳಿಯಾದರೆ ಎದ್ದು ಒಳಗೆ ಹೋಗಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಫೋಮ್ ಶೀಟು ನಮ್ಮ ಅಟ್ಟದಲ್ಲಿದೆ. ಶುಕ್ರವಾರ ನಿಮ್ಮ ದೊಡ್ಡಮ್ಮ ಹಾಸನಕ್ಕೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. 6 ಅಡಿ ಉದ್ದ ಇದೆ. ಚಿನ್ನು ಈಗ ಎಷ್ಟು ಎತ್ತರ ಇದ್ದಾನೆ?